ಸರಿಯಾದುದಕ್ಕೆ ಟಿಕ್ ಹಾಕಿ

ನಮ್ಮ ಎದುರುಮನೆಯ ಹುಡುಗ ಎಂಎಸ್‌ಡಬ್ಲ್ಯು ಕೊನೆಯ ವರ್ಷ. ಪ್ರಾಜೆಕ್ಟಿನ ಹೆಸರು 'ದುರ್ಬಲ ಕುಟುಂಬಗಳ ವಸತಿಹೀನತೆ: ಒಂದು ಸಮಾಜಕಾರ್ಯ ಅಧ್ಯಯನ'. ಪ್ರಶ್ನಾವಳಿಯ ಕನ್ನಡ ತಿದ್ದಿಸಿಕೊಳ್ಳಲು ಬಂದಿದ್ದ. ಒಟ್ಟು 42 ಪ್ರಶ್ನೆ, ಮೊದಲನೆಯದೇ 'ಮನೆ ವಿಳಾಸ'.

"ಮನೆ ಇಲ್ಲದವರಿಗೆ ಇದ್ಯಾಕಪ್ಪ?"

"ಅದು ಖಾಲಿ ಬಿಟ್ಟರೆ ಗೂಗಲ್ ಫಾರಂ ಮುಂದಕ್ಕೇ ಹೋಗಲ್ಲ ಅಂಕಲ್."

ಭಾನುವಾರ ಅವನ ಜೊತೆ ಬೆಂಗಳೂರಿನ ಅಂಚಿಗೆ ಹೋದೆ. ಮುಗಿಯುತ್ತ ಬಂದ ಅಪಾರ್ಟ್‌ಮೆಂಟಿನ ಪಕ್ಕ ನೀಲಿ ಟಾರ್ಪಾಲಿನ ಶೆಡ್ಡುಗಳ ಸಾಲು. ಸಿಮೆಂಟ್ ಇಟ್ಟಿಗೆ ಒಲೆಯ ಮುಂದೆ ಒಬ್ಬಾಕೆ ಜೋಳದ ರೊಟ್ಟಿ ಬಡಿಯುತ್ತಿದ್ದಳು.

"ಅಕ್ಕಾ, ನಿಮಗೆ ಸ್ವಂತ ಮನೆ ಇದೆಯಾ?"

"ಅದ ರೀ. ಯಾದಗಿರಿ ಕಡಿಗಿ. ಕೀಲಿ ಹಾಕಿ ಬಂದೀವಿ."

ಹುಡುಗ 'ಹೌದು' ಒತ್ತಿದ.

"ಈಗ ಮನೆ ಕಟ್ಟಿಸ್ತಾ ಇದೀರಾ?"

"ಕಟ್ಟಸಾಕತ್ತಿಲ್ಲ ರೀ, ಕಟ್ಟಾಕತ್ತೀವಿ. ಹದಿನಾಲ್ಕು ಅಂತಸ್ತು." ಹಿಟ್ಟಿನ ಕೈಯಲ್ಲೇ ಬೆನ್ನ ಹಿಂದಿನ ಕಟ್ಟಡ ತೋರಿಸಿದಳು.

ಅದಕ್ಕೂ 'ಹೌದು'. ಫಾರಂ ಪ್ರಕಾರ ಆಕೆ ಈಗ ಎರಡು ಮನೆಯ ಒಡತಿ. ಫಾರಂ ನೋಡಿದ ಪ್ರಾಜೆಕ್ಟ್ ಗೈಡ್ ಮಹಾಶಯರು ಅವಳ ಹೆಸರಿಗೆ ಕೆಂಪು ಗೀಟು ಎಳೆದು, "ಹೋಗಿ ಅಸಲಿ ವಸತಿಹೀನರನ್ನು ಹುಡುಕಿಕೊಂಡು ಬಾ" ಎಂದರಂತೆ.

ಗೈಡನ್ನು ಬೈದು ಫಲವಿಲ್ಲ, ದೇಶದ ಲೆಕ್ಕವೂ ಇದೇ ಜಾತಿಯದು. 2011ರ ಜನಗಣತಿಯಲ್ಲಿ ಫುಟ್‌ಪಾತಿನಲ್ಲಿ, ಫ್ಲೈಓವರ್ ಕೆಳಗೆ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ, ಹ್ಯೂಮ್ ಪೈಪಿನೊಳಗೆ ಮಲಗಿದವರು ವಸತಿಹೀನರು. ಫೆಬ್ರವರಿ 28ರ ಒಂದೇ ರಾತ್ರಿಯಲ್ಲಿ ಅವರನ್ನು ಎಣಿಸಿ, ದೇಶಕ್ಕೆಲ್ಲ 17.73 ಲಕ್ಷ ಎಂದು ಬರೆದುಕೊಂಡರು. ಆದರೆ ಅದೇ ಗಣತಿಯ ಚಾವಣಿ ಪಟ್ಟಿಯಲ್ಲಿ ಹುಲ್ಲು, ಹೆಂಚುಗಳ ಸಾಲಿನಲ್ಲಿ ಪ್ಲಾಸ್ಟಿಕ್ಕಿಗೂ ಒಂದು ಜಾಗ ಇತ್ತು. ತಲೆಯ ಮೇಲೆ ಒಂದು ಹಾಳೆ ಎಳೆದುಕೊಂಡಿರೋ, ನೀವು ಗೃಹಸ್ಥರು. ಗಾಳಿಗೆ ಅದು ಹಾರಿಹೋದರೆ ಆ ರಾತ್ರಿಯ ಮಟ್ಟಿಗೆ ವಸತಿಹೀನರು. ಹ್ಯೂಮ್ ಪೈಪೇ ವಾಸಿ: ಇವತ್ತಲ್ಲ ನಾಳೆ ಅದನ್ನು ಹೂತು ಒಂದು ನೆಲೆ ಕಾಣಿಸುತ್ತಾರೆ. ಒಳಗಿದ್ದವನು ಮುಂದಿನ ಪೈಪು ಹುಡುಕಬೇಕು.

ಅಸಲಿಗಳನ್ನು ಹುಡುಕಿ ಹುಡುಗ ರಾತ್ರಿ ತಂಗುದಾಣಕ್ಕೆ ಹೋದ. ನಗರಗಳಲ್ಲಿ ತಂಗುದಾಣ ತೆರೆಯಿರಿ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ತಾಕೀತು ಮಾಡಿದೆ. ಲಕ್ಷ ಜನಕ್ಕೊಂದು ತಂಗುದಾಣ, ತಲೆಗೆ 50 ಚದರಡಿ, ಕುಟುಂಬಗಳಿಗೆ ಬೇರೆ ವ್ಯವಸ್ಥೆ ಎಂದು ನಿಯಮವೂ ಬಂತು. ಇವನು ಹೋದದ್ದು ಗಂಡಸರ ತಂಗುದಾಣ.

"ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ಬಂದರೆ?"

"ಗಂಡ ಇಲ್ಲಿ. ಹೆಂಗಸರದ್ದು ಆ ಕಡೆ ಏರಿಯಾದಲ್ಲಿದೆ. ಒಟ್ಟಿಗೇ ಇರಬೇಕು ಅಂದರೆ ಲಾಡ್ಜ್ ನೋಡಿಕೊಳ್ಳಲಿ."

ಒಂದು ಚಾವಣಿ ಬೇಕೆಂದು ಬಂದ ಸಂಸಾರಕ್ಕೆ ಎರಡು ಚಾವಣಿ! ಸರ್ಕಾರ ಜಿಪುಣ ಎನ್ನುವವರ ಬಾಯಿಗೆ ಬೀಗ.

ಕೊನೆಯ ಅಧ್ಯಾಯ 'ಸಲಹೆಗಳು'. 'ಸರ್ಕಾರ ಸೂಕ್ತ ಕ್ರಮ ಕೈಗೊಳ್ಳಬೇಕು' ಎಂಬುದು ಸೀನಿಯರ್‌ಗಳ ಪ್ರಾಜೆಕ್ಟಿನಿಂದ ಪೆನ್‌ಡ್ರೈವಿನಲ್ಲಿ ಇಳಿದುಬಂದ ಪಿತ್ರಾರ್ಜಿತ ಆಸ್ತಿ. ಜೊತೆಗೆ '2022ರೊಳಗೆ ಸರ್ವರಿಗೂ ಸೂರು' ಎಂಬ ಸಾಲೂ ಹಾಗೇ ಬಂದಿತ್ತು. ಇಸವಿ ತೋರಿಸಿದೆ.

"ವರ್ಷ ತಾನೇ ಮುಗಿದಿರೋದು ಅಂಕಲ್, ಗುರಿ ಹಾಗೇ ಇದೆಯಲ್ಲ!"

ಸಂಶೋಧನೆ ಅಂದರೆ ಇದು.

ಆರು ತಿಂಗಳ ಮೇಲೆ ಫೋಟೊ ಬೇಕೆಂದು ಅದೇ ಜಾಗಕ್ಕೆ ಹೋದರೆ ಶೆಡ್ಡುಗಳಿದ್ದಲ್ಲಿ ಲಾನು. ವಾಚ್‌ಮನ್ "ಯಾವ ಫ್ಲ್ಯಾಟು?" ಎಂದು ರಿಜಿಸ್ಟರ್ ಮುಂದಿಟ್ಟ. ಹುಡುಗ ಮನೆಗೆ ಬಂದವನೇ 'ಅಧ್ಯಯನದ ಮಿತಿಗಳು' ಎಂಬಲ್ಲಿ ಒಂದು ವಾಕ್ಯ ಸೇರಿಸಿದ: 'ಮಾಹಿತಿದಾರರು ಸಹಕರಿಸಲಿಲ್ಲ.'

ಆ ಭಾನುವಾರ ಯಾದಗಿರಿಯಾಕೆ 42 ಪ್ರಶ್ನೆಗೂ ಉತ್ತರ ಕೊಟ್ಟಿದ್ದಳು. ನಮಗೆ ಒಂದೊಂದು ರೊಟ್ಟಿ, ಮೇಲೆ ಶೇಂಗಾ ಚಟ್ನಿಪುಡಿ ಹಾಕಿಕೊಟ್ಟು ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದ್ದಳು: "ಇದನ್ನ ಬರಕೊಂಡ್ರ ಏನ್ ಸಿಗ್ತದ ರೀ?"

ಹುಡುಗ ಸುಳ್ಳು ಹೇಳುವವನಲ್ಲ. "ನನಗೆ ನೂರು ಮಾರ್ಕ್ಸು ಅಕ್ಕಾ."

"ಸಿಗಲಿ ಬಿಡು ತಮ್ಮಾ. ಯಾರಿಗಾರ ಏನಾರ ಸಿಕ್ರ ಛಲೋನ ಅಲ್ಲ?"