ಗುಪ್ತದಾನ ಪ್ರಕಾಶಿಕೆ, ಅಥವಾ ಸಹಿ ಚೆಂಡಿನ ಧರ್ಮಸೂಕ್ಷ್ಮ

ದಾನಗಳಲ್ಲಿ ಗುಪ್ತದಾನವೇ ಶ್ರೇಷ್ಠವೆಂಬುದು ಸರ್ವಸಮ್ಮತ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬಲ್ಲಿಗೆ ಹಿಂದಿನವರು ನಿಂತುಬಿಟ್ಟರು. ಬಲಗೈಗೂ ತಿಳಿಯದಂತೆ, ಪಡೆಯುವವನಿಗಂತೂ ಸುಳಿವೇ ಹತ್ತದಂತೆ ಕೊಡಬಹುದೆಂದು ಅವರಿಗೆ ಹೊಳೆಯಲಿಲ್ಲ. ಆ ಕೊರತೆಯನ್ನು ನೀಗಿದವರು ಇಬೇ ಎಂಬ ಅಮೆರಿಕದ ಆನ್‌ಲೈನ್ ಹರಾಜುಕಟ್ಟೆಯಲ್ಲಿ ಆಟಗಾರರ ಸಹಿಯುಳ್ಳ ಚೆಂಡು, ಬ್ಯಾಟು, ಜೆರ್ಸಿ ಮಾರುವ ಕೆಲವು ಮಹನೀಯರು. ಸರಕಿನ ಚಿತ್ರದ ಕೆಳಗೆ ಅವರು ಬರೆಯುವ ಸೂತ್ರ ಬಹಳ ಚಿಕ್ಕದು: ಬಂದ ಹಣದಲ್ಲಿ ಒಂದು ಪಾಲು ಕಾಯಿಲೆಯ ಮಕ್ಕಳಿಗೆ. ಎಷ್ಟನೆಯ ಪಾಲು, ಯಾವ ಮಕ್ಕಳು, ಯಾವ ಆಸ್ಪತ್ರೆ, ಯಾವಾಗ ಎಂಬ ಗದ್ದಲವಿಲ್ಲ. ಅರ್ಧ ಮಾತ್ರೆ ಉಳಿದರೂ ವೈಯಾಕರಣಿಗಳು ಮಗ ಹುಟ್ಟಿದಷ್ಟು ಹಿಗ್ಗುತ್ತಿದ್ದರಂತೆ. ಇವರು ಇಡೀ ಅಂಕಿಯನ್ನೇ ಉಳಿಸಿದ್ದಾರೆ. ಸ್ಥೂಲದೃಷ್ಟಿಯ ಜನ ಇದನ್ನು ಮೋಸ ಎನ್ನುತ್ತಾರೆ. ಇದು ಗುಪ್ತದಾನದ ಪರಾಕಾಷ್ಠೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ.

ಮೊದಲು ವಿಪರೀತ ಉದಾಹರಣೆಗಳನ್ನು ನೋಡೋಣ. 2020ರ ಜನವರಿಯಲ್ಲಿ ಆಸ್ಟ್ರೇಲಿಯದ ಕಾಳ್ಗಿಚ್ಚಿನ ಸಂತ್ರಸ್ತರಿಗಾಗಿ ಶೇನ್ ವಾರ್ನ್ ತಮ್ಮ ಟೆಸ್ಟ್ ಟೋಪಿಯನ್ನು ಹರಾಜಿಗಿಟ್ಟರು. ಬಂದದ್ದು 10,07,500 ಆಸ್ಟ್ರೇಲಿಯನ್ ಡಾಲರ್. ಕೊಂಡದ್ದು ಕಾಮನ್‌ವೆಲ್ತ್ ಬ್ಯಾಂಕ್. ಹಣ ಹೋದದ್ದು ರೆಡ್ ಕ್ರಾಸ್‌ನ ಪರಿಹಾರ ನಿಧಿಗೆ. ಇಷ್ಟೂ ಜಗಜ್ಜಾಹೀರು! ನಮ್ಮ ಕೆ.ಎಲ್. ರಾಹುಲ್ ಕೂಡ ಈ ವಿಷಯದಲ್ಲಿ ಹಿಂದೆ ಬೀಳಲಿಲ್ಲ. ಅವರೂ ಪತ್ನಿ ಆಥಿಯಾ ಶೆಟ್ಟಿಯೂ 2024ರ ಆಗಸ್ಟ್‌ನಲ್ಲಿ ನಡೆಸಿದ ಹರಾಜಿನಲ್ಲಿ ವಿರಾಟ್ ಕೊಹ್ಲಿಯ ಜೆರ್ಸಿಯೊಂದೇ 40 ಲಕ್ಷಕ್ಕೆ ಹೋಯಿತು. ಒಟ್ಟು 1.93 ಕೋಟಿ ರೂಪಾಯಿ ವಿಪ್ಲಾ ಫೌಂಡೇಶನ್ ಎಂಬ ದತ್ತಿಸಂಸ್ಥೆಗೆ ಎಂದು ಸಾರಿದರು. ಮೊತ್ತ, ವಸ್ತು, ಪಾತ್ರ, ಮೂರನ್ನೂ ಬಯಲಿಗೆಳೆದ ಮೇಲೆ ಗುಪ್ತವೆಂಬುದು ಎಲ್ಲಿ ಉಳಿಯಿತು? ಇಂಥವರು ದಾನಿಗಳಿರಬಹುದು, ಶಾಸ್ತ್ರಜ್ಞರಲ್ಲ.

ಇನ್ನು ಅರ್ಥಶಾಸ್ತ್ರದ ಪ್ರಮಾಣ. ಡೇನಿಯಲ್ ಎಲ್ಫನ್‌ಬೈನ್ ಮತ್ತು ಬ್ರಯನ್ ಮೆಕ್‌ಮ್ಯಾನಸ್ ಎಂಬ ಇಬ್ಬರು ವಿದ್ವಾಂಸರು ಇಬೇಯಲ್ಲಿ ಒಂದೇ ಬಗೆಯ ಸರಕು ದತ್ತಿಯ ಹೆಸರಿನಲ್ಲೂ ಹಾಗಿಲ್ಲದೆಯೂ ಮಾರಾಟವಾದದ್ದನ್ನು ಹೋಲಿಸಿ, 2010ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು: ದತ್ತಿಯ ಹೆಸರಿದ್ದರೆ ಜನ ಸರಾಸರಿ ಶೇ. 6ರಷ್ಟು ಹೆಚ್ಚು ಕೊಡುತ್ತಾರೆ. ಈಗ ಲೆಕ್ಕ ಹಾಕಿ. ಹೆಸರಿಲ್ಲದೆ ನೂರು ಡಾಲರಿಗೆ ಹೋಗುವ ಚೆಂಡು ಹೆಸರಿದ್ದರೆ 106ಕ್ಕೆ ಹೋಗುತ್ತದೆ. ಪ್ರಾಮಾಣಿಕ ಬಡಪಾಯಿ ಅದರಲ್ಲಿ ಶೇ. 10 ಕೊಟ್ಟು 95 ಡಾಲರ್ 40 ಸೆಂಟ್ ಹಿಡಿದು ಮನೆಗೆ ಹೋಗುತ್ತಾನೆ. ಗುಪ್ತದಾನಿ 106 ಹಿಡಿದು ಹೋಗುತ್ತಾನೆ. ಮಕ್ಕಳ ಹೆಸರು ಹೇಳಿದ್ದಕ್ಕೆ ಮೊದಲನೆಯವನು ದಂಡ ತೆತ್ತ, ಎರಡನೆಯವನಿಗೆ ದಕ್ಷಿಣೆ ಸಿಕ್ಕಿತು. ಅದೇ ವಿದ್ವಾಂಸರು ರೇ ಫಿಸ್ಮನ್ ಎಂಬುವರ ಜೊತೆಗೂಡಿ 2012ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಕಟ್ಟೆಯಲ್ಲಿ ಇನ್ನೂ ಹೆಸರು ಮಾಡದ ಮಾರಾಟಗಾರನಿಗೆ ದತ್ತಿಯ ನಂಟು ಒಳ್ಳೆಯ ಹೆಸರಿನ ಬದಲಿಯಾಗಿ ಕೆಲಸ ಮಾಡುತ್ತದೆ. ಕೊಳ್ಳುವವನು ಅದನ್ನು ನೋಡಿ, ಇಷ್ಟು ಕರುಣೆಯುಳ್ಳವನು ಸುಳ್ಳು ಚೆಂಡು ಮಾರುವನೇ ಎಂದುಕೊಳ್ಳುತ್ತಾನೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ಇಲ್ಲಿ ಜಾತ್ರೆಯ ಖರ್ಚೂ ಉಳಿಯುತ್ತದೆ.

ಈ ಶಾಸ್ತ್ರದ ಜೀವಾಳ ಇರುವುದು ಬೇರೆಡೆ. ಮಾರಾಟದ ವಿವರಣೆಯಲ್ಲಿ ಹತ್ತಾರು ಮಾತುಗಳಿರುತ್ತವೆ. ಚೆಂಡು ಬಿಳಿ ಎಂದಿದ್ದರೆ ಪೊಟ್ಟಣ ಬಿಚ್ಚಿದಾಗ ಬಣ್ಣ ಕಾಣುತ್ತದೆ. ದೃಢೀಕರಣ ಪತ್ರವಿದೆ ಎಂದಿದ್ದರೆ ಅದು ಇದೆಯೋ ಇಲ್ಲವೋ ತಿಳಿಯುತ್ತದೆ. ಸಹಿಯನ್ನೂ ಪರಿಣತನೊಬ್ಬನಿಗೆ ತೋರಿಸಬಹುದು. ದಾನದ ಮಾತೊಂದು ಮಾತ್ರ ಪೊಟ್ಟಣದಲ್ಲಿ ಬರುವುದಿಲ್ಲ. ಅದು ತಲುಪಬೇಕಾದದ್ದು ಮೂರನೆಯವರಿಗೆ, ಆ ಮೂರನೆಯವರಿಗೆ ಇಂಥದ್ದೊಂದು ಬರಬೇಕಿತ್ತೆಂಬುದೇ ಗೊತ್ತಿಲ್ಲ. ಕೊಂಡವನಿಗೆ ಚೆಂಡು ಸಿಕ್ಕಿತು, ಆತ ತೃಪ್ತ. ಮಾರಿದವನಿಗೆ ಹಣ ಸಿಕ್ಕಿತು, ಆತನೂ ತೃಪ್ತ. ಇಬ್ಬರೂ ಪರಸ್ಪರ ಹೊಗಳಿ ಬರೆದುಕೊಳ್ಳುತ್ತಾರೆ. ಆಸ್ಪತ್ರೆಯ ಹಾಸಿಗೆಯಲ್ಲಿರುವ ಮಗುವಿಗೆ ಆ ಕಟ್ಟೆಯಲ್ಲಿ ಖಾತೆಯಿಲ್ಲವಾದ್ದರಿಂದ ನಕ್ಷತ್ರ ಕಡಿಮೆ ಕೊಡುವ ಅಧಿಕಾರವೂ ಇಲ್ಲ. ಮುರಿದರೂ ದೂರು ಬಾರದ ವಚನ ಜಗತ್ತಿನಲ್ಲಿ ಅಪರೂಪ; ಅದನ್ನು ಮುರಿಯದೆ ಬಿಡುವುದು ಸಂಪನ್ಮೂಲದ ಅಪವ್ಯಯ.

ಇದಕ್ಕೆ ಪೂರ್ವಪಕ್ಷಗಳು ಏಳುತ್ತವೆ. ವೇದಾಂತಿ ಹೇಳುತ್ತಾನೆ: ದೇಶ, ಕಾಲ, ಪಾತ್ರ ನೋಡಿ ಕೊಟ್ಟದ್ದು ಮಾತ್ರ ಸಾತ್ತ್ವಿಕ, ಅವು ತಪ್ಪಿದ ದಾನ ತಾಮಸ ಎಂದು ಗೀತೆಯ ಹದಿನೇಳನೆಯ ಅಧ್ಯಾಯ ಸಾರುತ್ತದಲ್ಲ? ಸರಿ, ಆದರೆ ದೇಶ ತಪ್ಪಬೇಕಾದರೆ ಒಂದು ದೇಶವಿರಬೇಕು, ಪಾತ್ರ ತಪ್ಪಬೇಕಾದರೆ ಒಬ್ಬ ಪಾತ್ರನಿರಬೇಕು. ಇಲ್ಲಿ ಎರಡೂ ಇಲ್ಲವಾದ್ದರಿಂದ ದೋಷಕ್ಕೆ ನೆಲೆಯಿಲ್ಲ. ಅಲ್ಲದೆ ಪ್ರತ್ಯುಪಕಾರ ಬಯಸಬಾರದೆಂಬ ನಿಯಮ ಇಲ್ಲಿ ತಾನಾಗಿ ಪಾಲನೆಯಾಗುತ್ತದೆ, ಏನೂ ಪಡೆಯದವನು ಏನು ಪ್ರತ್ಯುಪಕಾರ ಮಾಡಿಯಾನು? ವಕೀಲನ ಆಕ್ಷೇಪ ಇಷ್ಟು ನಯವಾದದ್ದಲ್ಲ. ಬ್ರಿಟನ್ನಿನ 1992ರ ದತ್ತಿ ಕಾಯಿದೆಯ ಪ್ರಕಾರ ದತ್ತಿಸಂಸ್ಥೆಯ ಹೆಸರಿನಲ್ಲಿ ವ್ಯಾಪಾರ ಮಾಡುವವನು ಯಾವ ಸಂಸ್ಥೆಗೆ ಎಷ್ಟು ಸಲ್ಲುತ್ತದೆಂದು ಹೇಳಲೇಬೇಕು. ಇಬೇಯ ನಿಯಮವೂ ಸಂಸ್ಥೆಯ ಒಪ್ಪಿಗೆಯಿಲ್ಲದೆ ಅದರ ಹೆಸರೆತ್ತಬಾರದು ಎನ್ನುತ್ತದೆ. ಕಾನೂನು ಎಲ್ಲ ಕಾಲಕ್ಕೂ ಅಂಕಿಯ ಹಿಂದೆ ಬಿದ್ದ ಜಡಶಾಸ್ತ್ರ. ಅದರೊಂದಿಗೆ ವಾದಕ್ಕಿಳಿಯದೆ ಖಾತೆಯ ಹೆಸರು ಬದಲಿಸುವುದೇ ಬಲ್ಲವರ ಕ್ರಮ.

ಮೂರನೆಯ ಆಕ್ಷೇಪ ಹೆಚ್ಚು ಸ್ವಾರಸ್ಯದ್ದು: ಚೆಂಡಿನ ಸಹಿಯೇ ಸುಳ್ಳಾಗಿದ್ದರೆ? ಇದಕ್ಕೆ ಆಪರೇಷನ್ ಬುಲ್‌ಪೆನ್ ಎಂಬ ಎಫ್‌ಬಿಐ ತನಿಖೆಯೇ ಸಾಕ್ಷ್ಯ. ಸ್ಯಾನ್ ಡಿಯಾಗೊದ ಬೇಸ್‌ಬಾಲ್ ಆಟಗಾರ ಟೋನಿ ಗ್ವಿನ್ ತನ್ನದೇ ತಂಡದ ಅಂಗಡಿಯಲ್ಲಿ ತಾನು ಹಾಕದ ತನ್ನ ಸಹಿಯನ್ನು ಕಂಡು ದೂರಿದ್ದು ಆ ತನಿಖೆಯ ಬೇರುಗಳಲ್ಲೊಂದು. 1999ರ ಅಕ್ಟೋಬರ್‌ನಲ್ಲಿ ನಡೆದ ದಾಳಿಗಳಲ್ಲಿ ನಕಲಿ ಸಹಿಯ ಜಾಲವೊಂದು ಬಯಲಾಯಿತು. ಆ ತನಿಖೆಯಲ್ಲಿ ಸಿಕ್ಕ ಸರಕಿನ ನಡುವೆ ಮದರ್ ತೆರೇಸಾ ಸಹಿಯುಳ್ಳ ಬೇಸ್‌ಬಾಲ್‌ಗಳೂ ಇದ್ದವು. ನಮ್ಮ ಶಾಸ್ತ್ರದ ಕೌಸ್ತುಭಮಣಿ ಇದೇ. ಉಳಿದವರು ಚೆಂಡಿನ ಪಕ್ಕದಲ್ಲಿ ಕರುಣೆಯ ವಾಕ್ಯ ಬರೆಯಬೇಕು. ಇಲ್ಲಿ ಕರುಣೆಯೇ ಚೆಂಡಿನ ಮೇಲೆ ಸಹಿ ಹಾಕಿ ಕುಳಿತಿದೆ. ಕೊಲ್ಕತ್ತದ ರೋಗಿಗಳ ನಡುವೆ ಬದುಕು ಸವೆಸಿದ ಸನ್ಯಾಸಿನಿ ಯಾವ ಇನಿಂಗ್ಸ್‌ನ ವಿರಾಮದಲ್ಲಿ ಪೆನ್ನು ಹಿಡಿದರೆಂದು ಕೊಳ್ಳುವವರು ಕೇಳಿಕೊಂಡಂತಿಲ್ಲ. ಸುಳ್ಳು ಚೆಂಡಿಗೆ ಸುಳ್ಳು ದಾನ ಸೇರಿದರೆ ಎರಡು ಅಪರಾಧವಾಗುತ್ತದೆ ಎನ್ನುವವರು ದ್ವೈತಿಗಳು. ಇಲ್ಲದ ಸಹಿಯಿಂದ ಬಂದ ಹಣ ಇಲ್ಲದ ಆಸ್ಪತ್ರೆಗೆ ಹೋಯಿತೆಂದರೆ ಲೆಕ್ಕ ಸರಿಹೋಯಿತು.

ಕೊಳ್ಳುವವನು ಪಾಪ, ವಂಚಿತನಲ್ಲವೇ ಎಂದು ಮರುಗುವವರಿಗೂ ಒಂದು ಮಾತು. ಆತನಿಗೆ ಬೇಕಾಗಿದ್ದದ್ದು ಚೆಂಡು. ಅದಕ್ಕೆ ಅಷ್ಟು ಹಣ ಸುರಿಯುವಾಗ ಒಳಗೊಳಗೇ ಚುಚ್ಚುವ ಅಳುಕನ್ನು ಅಡಗಿಸಲು ಮಗುವೊಂದರ ನೆವ ಬೇಕಾಗಿತ್ತು. ಎರಡೂ ಸಿಕ್ಕಿದವು. ದಾನವೇ ಮುಖ್ಯವಾಗಿದ್ದರೆ ಆಸ್ಪತ್ರೆಗೇ ನೇರ ಕಳಿಸಿ ರಸೀದಿ ಪಡೆಯಬಹುದಿತ್ತು. ರಸೀದಿ ಕೇಳಿದರೆ ತಾನು ಅಂದುಕೊಂಡಷ್ಟು ಉದಾರಿಯಲ್ಲ ಎಂಬುದೂ ತಿಳಿದೀತೆಂಬ ಭಯದಿಂದಲೇ ಆತ ಕೇಳುವುದಿಲ್ಲ. ಈ ಮೌನವಿಲ್ಲದೆ ನಮ್ಮ ಶಾಸ್ತ್ರ ಒಂದು ದಿನವೂ ಬಾಳದು.

ಶಾಸ್ತ್ರಕ್ಕಿರುವ ನಿಜವಾದ ಕಂಟಕ ಒಂದೇ. 2003ರಲ್ಲಿ ಇಬೇ ಸಂಸ್ಥೆ ಮಿಷನ್‌ಫಿಶ್ ಎಂಬ ಲಾಭೇತರ ಸಂಸ್ಥೆಯ ಜೊತೆ ಸೇರಿ ಗಿವಿಂಗ್ ವರ್ಕ್ಸ್ ಎಂಬ ವ್ಯವಸ್ಥೆ ತಂದಿತು. ಮಾರಾಟಗಾರ ಪಟ್ಟಿಯಲ್ಲಿರುವ ಸಂಸ್ಥೆಯೊಂದನ್ನು ಆರಿಸಿ, ಶೇ. 10ರಿಂದ 100ರೊಳಗೆ ಒಂದು ಅಂಕಿ ಸೂಚಿಸಬೇಕು. ಆಗ ಸರಕಿನ ಪಕ್ಕ ರಿಬ್ಬನ್ನಿನ ಗುರುತು ಮೂಡುತ್ತದೆ. ಮಾರಾಟವಾದ ಮೇಲೆ ಆ ಪಾಲನ್ನು ಆತನಿಂದ ವಸೂಲಿ ಮಾಡಿ ಸಂಸ್ಥೆಗೆ ಮುಟ್ಟಿಸುತ್ತಾರೆ, ಕಟ್ಟೆಯ ಶುಲ್ಕದಲ್ಲೂ ಅದಕ್ಕೆ ತಕ್ಕ ವಿನಾಯಿತಿ ಸಿಗುತ್ತದೆ. ಕೊಡುವ ಇರಾದೆ ಇದ್ದವನಿಗೆ ಇದಕ್ಕಿಂತ ಸುಲಭದ ದಾರಿಯಿಲ್ಲ, ಇದರಲ್ಲಿ ಖರ್ಚೂ ಕಡಿಮೆ. ಆದರೂ ನಮ್ಮ ಆಚಾರ್ಯರು ಆ ಗುಂಡಿಯನ್ನು ಒತ್ತದೆ, ರಿಬ್ಬನ್ ಇರಬೇಕಾದ ಜಾಗವನ್ನು ಖಾಲಿ ಬಿಟ್ಟು, ಕೆಳಗೆ ಕೈಬರಹದಂಥ ಅಕ್ಷರದಲ್ಲಿ ಮಕ್ಕಳ ಬಗ್ಗೆ ನಾಲ್ಕು ಸಾಲು ಬರೆದು ಮೂರು ಆಶ್ಚರ್ಯಸೂಚಕ ಚಿಹ್ನೆ ಹಾಕುತ್ತಾರೆ. ಬಿಡ್ಡುಗಳು ಬರುತ್ತಲೇ ಇರುತ್ತವೆ.