ವಿಳಾಸಸಂಗ್ರಹ ಮೀಮಾಂಸೆ: ಒಂದು ಕಿರು ಮಹಾಪ್ರಬಂಧ

ಶಾಸ್ತ್ರವೆಂದ ಮೇಲೆ ವಿಷಯ, ಅಧಿಕಾರಿ, ಪ್ರಯೋಜನ, ಸಂಬಂಧ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡುವುದು ಹಿರಿಯರ ರೂಢಿ. ಇಲ್ಲಿ ವಿಷಯ, ಗೂಗಲ್‌ನ ಮೊದಲ ಪುಟದಲ್ಲಿ ಕಾಣಿಸಿಕೊಳ್ಳುವ ವಿದ್ಯೆ. ಬಲ್ಲವರ ಬಾಯಲ್ಲಿ ಎಸ್‌ಇಒ. ಅಧಿಕಾರಿ, ವೆಬ್‌ಸೈಟು ತೆರೆದು ಆರು ತಿಂಗಳಾದರೂ ಒಬ್ಬ ಗಿರಾಕಿಯ ಮುಖ ಕಾಣದ ಅಂಗಡಿಯವನು. ಪ್ರಯೋಜನ, ಈ ವಿದ್ಯೆ ಹಂಚುವ ಗುರುವಿಗೆ ಅಂಗಡಿಯವನ ಇಮೇಲ್ ವಿಳಾಸ. ಸಂಬಂಧ, ಅಂದಿನಿಂದ ವಾರಕ್ಕೆರಡು ಪತ್ರ.

ವಿಧಿ ಸರಳ. ಗುರು ಹನ್ನೊಂದು ಗುಟ್ಟುಗಳನ್ನು ಬರೆಯುತ್ತಾನೆ. ಹತ್ತನ್ನು ಬಯಲಿಗಿಟ್ಟು ಹನ್ನೊಂದನೆಯದನ್ನು ಪಿಡಿಎಫ್ ಮಾಡಿ ಬೀಗ ಹಾಕುತ್ತಾನೆ. ಬೀಗದ ಕೈ, ಶಿಷ್ಯನ ವಿಳಾಸ. ಕಸುಬಿನವರು ಇದನ್ನು ಲೀಡ್ ಮ್ಯಾಗ್ನೆಟ್ ಎನ್ನುತ್ತಾರೆ. ಕನ್ನಡದಲ್ಲಿ ಎರೆಹುಳು ಎಂದರೆ ಸಾಕು. ಮೀನಿಗೂ ಅದು ಪುಕ್ಕಟೆಯೇ.

ಇಲ್ಲಿ ಪೂರ್ವಪಕ್ಷ ಏಳುತ್ತದೆ. 2008ರಲ್ಲಿ ಗೂಗಲ್ ಸಂಸ್ಥೆಯೇ ಈ ವಿದ್ಯೆಯ ಪ್ರಾಥಮಿಕ ಕೈಪಿಡಿಯೊಂದನ್ನು ಹೊರತಂದಿತು. ಕಾಸು ಬೇಡ, ವಿಳಾಸವೂ ಬೇಡ. ಹೀಗಿರುವಾಗ ಗುರುವಿನ ಬಾಗಿಲು ತಟ್ಟುವುದೇಕೆ? ಸಿದ್ಧಾಂತ ಹೀಗಿದೆ: ಆ ಕೈಪಿಡಿ ಆರಂಭದಲ್ಲೇ, ನಿಮ್ಮನ್ನು ತಾನಾಗಿ ಮೊದಲ ಸ್ಥಾನಕ್ಕೇರಿಸುವ ಗುಟ್ಟೇನೂ ಇದರಲ್ಲಿಲ್ಲ ಎಂದು ಹೇಳಿ ಕ್ಷಮೆಯನ್ನೂ ಕೇಳಿಬಿಡುತ್ತದೆ. ಗುಟ್ಟಿಲ್ಲ ಎಂದು ತಾನೇ ಒಪ್ಪಿಕೊಳ್ಳುವ ಶಾಸ್ತ್ರವನ್ನು ಯಾರು ಓದಿಯಾರು?

ಇನ್ನು ಚಾರಿತ್ರಿಕ ಹಿನ್ನೆಲೆ. ಇಮೇಲ್ ವಿಳಾಸ ಕಲೆಹಾಕಿ ವ್ಯಾಪಾರಕ್ಕಿಳಿಯುವ ಪದ್ಧತಿಯ ಮೊದಲ ಕುರುಹನ್ನು 1978ರ ಮೇ 3ಕ್ಕೆ ಒಯ್ಯಬಹುದು. ಅಮೆರಿಕದ ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಗ್ಯಾರಿ ಥುಯರ್ಕ್ ಅವರು ಅಚ್ಚಾದ ವಿಳಾಸಪುಸ್ತಕವೊಂದನ್ನು ಹಿಡಿದು, ನಮ್ಮ ಹೊಸ ಕಂಪ್ಯೂಟರ್ ನೋಡಲು ಬನ್ನಿ ಎಂದು ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್‌ನ ಸುಮಾರು 400 ಮಂದಿಗೆ ಒಂದೇ ಪತ್ರ ಕಳಿಸಿದರು. ವಿಳಾಸಗಳು ಮೀಸಲು ಜಾಗದಲ್ಲಿ ಹಿಡಿಸದೆ ಪತ್ರದ ಒಡಲಿಗೇ ಹರಿದವು. ಮದುವೆಯ ಕರೆಯೋಲೆಯಲ್ಲಿ ಗಂಡು ಹೆಣ್ಣಿಗಿಂತ ಮೊದಲು ನೆಂಟರ ಪಟ್ಟಿಯೇ ಅಚ್ಚಾದಂತೆ. ಬೈಗುಳ ಬಂತು. ವ್ಯಾಪಾರವೂ ಆಯಿತು. ಎರಡನೆಯದರಿಂದಾಗಿ ಮೊದಲನೆಯದು ಇಂದಿಗೂ ನಿಂತಿಲ್ಲ.

ಮುಂದಿನದು ಶಾಸನಯುಗ. 1996ರ ಜುಲೈ 4ರಂದು ಸಬೀರ್ ಭಾಟಿಯಾ (ಬೆಂಗಳೂರಿನಲ್ಲಿ ಶಾಲೆ ಕಲಿತವರು; ಮಹಾಪ್ರಬಂಧದಲ್ಲಿ ನಮ್ಮೂರಿನ ಹೆಸರೂ ಒಮ್ಮೆ ಬರಬೇಡವೇ?) ಮತ್ತು ಜ್ಯಾಕ್ ಸ್ಮಿತ್ ಹಾಟ್‌ಮೇಲ್ ತೆರೆದರು. ಬಳಕೆದಾರರು ಯಾರಿಗೇ ಬರೆದರೂ ಅಡಿಯಲ್ಲಿ, ನಿಮಗೂ ಪುಕ್ಕಟೆ ಇಮೇಲ್ ಬೇಕಿದ್ದರೆ ಇಲ್ಲಿಗೆ ಬನ್ನಿ ಎಂಬ ಸಾಲು ತಾನಾಗಿ ಕೂರುತ್ತಿತ್ತು. ನಮ್ಮ ಶಾಸನದ ಕಲ್ಲುಗಳಲ್ಲಿ ಶಾಪಾಶಯ ಬರುವ ಜಾಗವದು. ದತ್ತಿ ಅಳಿದವರಿಗೆ ನರಕವೆಂದು ಹೆದರಿಸುವಲ್ಲಿ ಇವರು ಪುಕ್ಕಟೆ ಎಂದು ಕರೆದರು, ಜನ ಬಂದರು. 1997ರ ಕೊನೆಗೆ ಮೈಕ್ರೊಸಾಫ್ಟ್ ಅದನ್ನು ಸುಮಾರು 40 ಕೋಟಿ ಡಾಲರಿಗೆ ಕೊಂಡಿತು.

ಹುಡುಕುಯಂತ್ರದ ಕಡೆ ಬರೋಣ. ಪುಟದ ತಲೆಭಾಗದಲ್ಲಿ, ಓದುಗನ ಕಣ್ಣಿಗೆ ಬೀಳದಂತೆ ಕೀವರ್ಡ್‌ಗಳನ್ನು ಸಾಲುಸಾಲಾಗಿ ಬರೆದಿಡುವ ವ್ರತವೊಂದು ಬಹುಕಾಲ ಆಚರಣೆಯಲ್ಲಿತ್ತು. 2009ರ ಸೆಪ್ಟೆಂಬರಿನಲ್ಲಿ ಗೂಗಲ್, ಸ್ಥಾನ ನಿರ್ಣಯಕ್ಕೆ ಆ ಸಾಲನ್ನು ತಾನು ನೋಡುವುದೇ ಇಲ್ಲ ಎಂದು ಬಹಿರಂಗವಾಗಿ ಸಾರಿತು. ಲಕ್ಷ ಜಪ ಮುಗಿಸಿದವನ ಎದುರು ದೇವರು ಪ್ರತ್ಯಕ್ಷನಾಗಿ, ನನಗೆ ಆ ಕಿವಿ ಕೇಳಿಸುವುದಿಲ್ಲ ಎಂದಂತಾಯಿತು. ಆದರೂ ವ್ರತ ಬಿಡದವರಿದ್ದಾರೆ. ಮಾಡಿದರೆ ತಪ್ಪೇನು ಎಂಬುದು ಅವರ ಆಧಾರಗ್ರಂಥ. (ಕನ್ನಡಿಗರದು ಬೇರೆಯೇ ಸಾಧನೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಹಳೆಯ ಫಾಂಟ್‌ಗಳಲ್ಲಿ ಮೂಡಿಸಿದ ನಮ್ಮ ಪುಟಗಳು ಮನುಷ್ಯರಿಗೆ ಕನ್ನಡವಾಗಿಯೂ ಯಂತ್ರಕ್ಕೆ ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿಯೂ ಕಾಣುತ್ತಿದ್ದವು. ಯಾರೂ ಹುಡುಕಲಾಗದಂತೆ ಬರೆಯುವ ವಿದ್ಯೆಯಲ್ಲಿ ನಾವು ಯಾವ ಗುರುವಿನ ಹಂಗಿಗೂ ಬಿದ್ದವರಲ್ಲ.)

ಈ ಶಾಸ್ತ್ರದ ಪ್ರಾಣಿಪ್ರಕರಣ ಕರುಣಾಜನಕ. 2003ರ ನವೆಂಬರಿನಲ್ಲಿ, ಕ್ರಿಸ್ಮಸ್ ವ್ಯಾಪಾರದ ಹೊಸ್ತಿಲಲ್ಲಿ, ಗೂಗಲ್ ಸ್ಥಾನ ನಿರ್ಣಯಿಸುವ ಕ್ರಮದಲ್ಲಿ ಫ್ಲೋರಿಡಾ ಎಂದು ಹೆಸರಾದ ಬದಲಾವಣೆ ಬಂದು ಎಷ್ಟೋ ಸಣ್ಣ ಅಂಗಡಿಗಳು ರಾತ್ರೋರಾತ್ರಿ ಕಣ್ಮರೆಯಾದವು. ಮುಂದಿನ ಬದಲಾವಣೆಗಳಿಗೆ ಪ್ರಾಣಿಗಳ ಹೆಸರು: 2011ರಲ್ಲಿ ಪಾಂಡಾ ಬಂದು ಜೊಳ್ಳು ಬರಹ ಮೇಯ್ದಿತು. 2012ರಲ್ಲಿ ಪೆಂಗ್ವಿನ್ ಬಂದು ಕೊಂಡುತಂದ ಕೊಂಡಿಗಳನ್ನು ಕುಕ್ಕಿತು. 2013ರಲ್ಲಿ ಹಮ್ಮಿಂಗ್‌ಬರ್ಡ್ ಹಾರಿಬಂತು. ದುರ್ಗಸಿಂಹನ ಪಂಚತಂತ್ರದ ಪ್ರಾಣಿಗಳೆಲ್ಲ ಸೇರಿದರೂ ಇಷ್ಟು ಮನೆಗಳ ಒಲೆ ಆರಿಸಿರಲಿಕ್ಕಿಲ್ಲ. ದೊಡ್ಡವರಿಗೂ ರಿಯಾಯಿತಿ ಇಲ್ಲ: ಯಂತ್ರಕ್ಕೊಂದು ಪುಟ, ಗಿರಾಕಿಗೊಂದು ಪುಟ ತೋರಿಸಿದ್ದಕ್ಕೆ 2006ರಲ್ಲಿ ಜರ್ಮನಿಯ ಬಿಎಂಡಬ್ಲ್ಯೂ ಸೈಟೇ ಗೂಗಲ್‌ನಿಂದ ಕೆಲವು ದಿನ ಹೊರಗಿತ್ತು.

ಕನ್ನಡಕ್ಕೆ ಇಂಗ್ಲಿಷಿಗಿಲ್ಲದ ಅನುಕೂಲವೊಂದು ಒದಗುವುದು ಇಲ್ಲಿಯೇ. ಬೆಂಗಳೂರಿನಲ್ಲಿ ಸೈಟು ಎಂದರೆ 30x40ರ ನಿವೇಶನ. ಸೈಟಿದೆ ಎಂದವನಿಗೆ ಊರು ಕೇಳುವ ಮೊದಲ ಪ್ರಶ್ನೆ, ಖಾತೆ ಯಾರ ಹೆಸರಲ್ಲಿದೆ? ಗೂಗಲ್‌ನಲ್ಲಿ ಸಿಕ್ಕ ಮೊದಲ ಸ್ಥಾನ ಅಪ್ಪಟ ಬಿ-ಖಾತೆ, ಅಂದರೆ ದಾಖಲೆ ಪಕ್ಕಾ ಇಲ್ಲದ ಆಸ್ತಿ. ಮನೆ ಕಟ್ಟಬಹುದು, ಗೃಹಪ್ರವೇಶ ಮಾಡಬಹುದು, ಹೋಳಿಗೆ ಊಟವನ್ನೂ ಹಾಕಿಸಬಹುದು. ನಿಶ್ಚಿಂತೆಯಿಂದ ಮಲಗುವುದೊಂದು ಆಗದು. ಗುರುವಿಗೆ ಇದು ಶಿಷ್ಯನಿಗಿಂತ ಚೆನ್ನಾಗಿ ಗೊತ್ತು. ಗೂಗಲ್ ನಂಬಿ ಎಂದು ಕಲಿಸುತ್ತಲೇ, ತಾನು ಮಾತ್ರ ಎ-ಖಾತೆಯ ಆಸ್ತಿಯೊಂದನ್ನು ಸದ್ದಿಲ್ಲದೆ ಮಾಡಿಕೊಳ್ಳುತ್ತಾನೆ. ಆ ಆಸ್ತಿಯೇ ವಿಳಾಸಗಳ ಪಟ್ಟಿ.

ಇದಕ್ಕೊಂದು ನಿದರ್ಶನ. 2004ರಲ್ಲಿ ಎಸ್‌ಇಒ ಪಂಡಿತರು ಸ್ಪರ್ಧೆಯೊಂದನ್ನು ಇಟ್ಟರು. ಯಾರೂ ಎಂದೂ ಹುಡುಕದ 'ನಿಗ್ರಿಟ್ಯೂಡ್ ಅಲ್ಟ್ರಾಮರೀನ್' ಎಂಬ ಪದಜೋಡಿಗೆ ಗೂಗಲ್‌ನಲ್ಲಿ ಮೊದಲು ಬಂದವನೇ ಜಾಣ. ಘಟಾನುಘಟಿಗಳು ತಂತ್ರಗಳನ್ನೆಲ್ಲ ಹೂಡಿದರು. ಜುಲೈನ ಅಂತಿಮ ಸುತ್ತು ಗೆದ್ದದ್ದು ಅನಿಲ್ ದಾಶ್ ಎಂಬ ಅಮೆರಿಕದ ಬರಹಗಾರ. ಅವರು ಮಾಡಿದ್ದಿಷ್ಟೇ: ಈ ಪುಟಕ್ಕೊಂದು ಕೊಂಡಿ ಹಾಕಿ ಎಂದು ತಮ್ಮ ಓದುಗರನ್ನು ಕೇಳಿಕೊಂಡರು. ಶಾಸ್ತ್ರ ಬಲ್ಲವರನ್ನು ಓದುಗರಿದ್ದವನು ಸೋಲಿಸಿದ. ಈ ಫಲಿತಾಂಶವನ್ನು ಗುರುಗಳ ಪಿಡಿಎಫ್‌ಗಳು ವಿನಯದಿಂದ ಕೈಬಿಟ್ಟಿರುತ್ತವೆ.

ಇನ್ನು ವಿರೋಧಾಭಾಸಗಳು. ಹನ್ನೊಂದನೆಯ ಗುಟ್ಟಿಗೆ ಬೀಗ ಹಾಕಿದರೆ ಹುಡುಕುಯಂತ್ರವೂ ಒಳಹೋಗಲಾರದು. ವಿಳಾಸದ ಫಾರಂ ತುಂಬುವುದು ಅದರ ಕೆಲಸವಲ್ಲ. ಅಂದರೆ ಎಲ್ಲರ ಕಣ್ಣಿಗೆ ಬೀಳುವ ವಿದ್ಯೆಯ ಸಾರವು ಯಾರ ಕಣ್ಣಿಗೂ ಬೀಳದ ಜಾಗದಲ್ಲೇ ಇರತಕ್ಕದ್ದು. ಎರಡನೆಯದು ಇನ್ನೂ ಸೊಗಸು. ಮೊಬೈಲಿನಲ್ಲಿ ಪುಟ ತೆರೆದ ಕೂಡಲೇ ಪೂರಾ ಪರದೆ ಮುಚ್ಚಿ, ಇಮೇಲ್ ಕೊಡಿ ಎಂದು ಕೈಚಾಚುವ ಪಾಪ್‌ಅಪ್ ಇದೆಯಲ್ಲ, ಅಂಥ ಪುಟಗಳ ಸ್ಥಾನ ಕೆಳಗಿಳಿಯಬಹುದೆಂಬ ಗೂಗಲ್ ನಿಯಮ 2017ರ ಜನವರಿ 10ರಿಂದ ಜಾರಿಯಲ್ಲಿದೆ. ಗುರು ತನ್ನ ಮೂರನೆಯ ಗುಟ್ಟಿನಲ್ಲಿ ಇದನ್ನು ಎಚ್ಚರಿಕೆಯಾಗಿ ಬರೆದಿದ್ದಾನೆ. ಶಿಷ್ಯನಿಗೆ ಅದು ಓದಲು ಸಿಗುತ್ತಿಲ್ಲ, ಪಾಪ್‌ಅಪ್ ಅಡ್ಡ ಬಂದಿದೆ.

ವಿಳಾಸ ಸಿಕ್ಕಿತೆನ್ನೋಣ. ಗುರು ಕಳಿಸಿದ ಪತ್ರವನ್ನು ಯಾರು ತೆರೆದರೆಂದು ಅಳೆಯಲು ಅದರೊಳಗೆ ಒಂದೇ ಚುಕ್ಕಿಯಷ್ಟು ದೊಡ್ಡ, ಕಣ್ಣಿಗೆ ಕಾಣದ ಚಿತ್ರ ಇಡುವುದುಂಟು. ಚಿತ್ರ ಇಳಿದರೆ ಪತ್ರ ತೆರೆಯಿತೆಂದು ಲೆಕ್ಕ. ಬೆಟ್ಟದ ಹೊಗೆಯಿಂದ ಬೆಂಕಿಯನ್ನು ಊಹಿಸುವ ಶುದ್ಧ ತರ್ಕ. 2021ರಲ್ಲಿ ಆಪಲ್ ತನ್ನ ಮೇಲ್ ಬಳಸುವವರಿಗೆ ಹೊಸ ಗೌಪ್ಯತಾ ಸೌಲಭ್ಯ ಕೊಟ್ಟಿತು. ಅದನ್ನು ಒಪ್ಪಿಕೊಂಡವರು ಪತ್ರ ತೆರೆಯಲಿ ಬಿಡಲಿ, ಚಿತ್ರ ಮೊದಲೇ ಇಳಿದಿರುತ್ತದೆ. ಎಲ್ಲ ಬೆಟ್ಟಗಳಲ್ಲೂ ಹೊಗೆ ಕಾಣತೊಡಗಿತು. ಗುರುಗಳ ಪ್ರಗತಿ ವರದಿಯ ಗೆರೆ ಏಕಾಏಕಿ ಮೇಲೇರಿತು; ಏರಿದ್ದಕ್ಕೆ ಕಾರಣ ಹೊಸ ಶೀರ್ಷಿಕೆಗಳೆಂದು ಮತ್ತೊಂದು ಪಿಡಿಎಫ್ ಹೊರಬಂತು.

ಕೊನೆಗೆ ಆ ಎ-ಖಾತೆಯ ಆಸ್ತಿಗೂ ಇಸಿ (ಋಣಭಾರ ಪತ್ರ) ತೆಗೆಸಿ ನೋಡುವುದು ಸಂಶೋಧಕನ ಧರ್ಮ. ಪಟ್ಟಿಯ ವಿಳಾಸಗಳನ್ನು ಒಂದೊಂದಾಗಿ ಓದುತ್ತ ಹೋದರೆ ಸಾಲುಸಾಲಾಗಿ ಜಿಮೇಲ್, ಜಿಮೇಲ್, ಜಿಮೇಲ್. 2004ರ ಏಪ್ರಿಲ್ 1ರಂದು ಶುರುವಾದ ಆ ಅಂಚೆಮನೆಯ ಯಜಮಾನ ಅದೇ ಗೂಗಲ್. 2013ರಲ್ಲಿ ಅದು ಪ್ರಮೋಷನ್ಸ್ ಎಂಬ ಹಿತ್ತಲ ಕೋಣೆ ಕಟ್ಟಿ ಇಂಥ ಪತ್ರಗಳನ್ನು ಅಲ್ಲಿಗೆ ತಳ್ಳತೊಡಗಿತು. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರು ಒಂದೇ ಒತ್ತಿಗೆ ಪಟ್ಟಿಯಿಂದ ಬಿಡಿಸಿಕೊಳ್ಳುವ ಗುಂಡಿ ಕೊಡಬೇಕು, ಸ್ಪ್ಯಾಮ್ ದೂರು ಸಾವಿರಕ್ಕೆ ಮೂರು ಮುಟ್ಟಕೂಡದು. ಗುರು ಈಗ ಆ ಪ್ರಮೋಷನ್ಸ್ ಕೋಣೆಯಿಂದ ಪಾರಾಗುವ ಒಂಬತ್ತು ಗುಟ್ಟುಗಳನ್ನು ಬರೆಯುತ್ತಿದ್ದಾನೆ. ಎಂಟು ಬಯಲಿಗೆ ಬಂದಿವೆ. ಒಂಬತ್ತನೆಯದಕ್ಕೆ ವಿಳಾಸ ಕೊಡಬೇಕು.