ಗಟಾರ ಮೀಮಾಂಸೆ: ಅಭಾವ ಖಂಡ

ಶಾಸ್ತ್ರ ಯಾವುದೇ ಇರಲಿ, ಮೊದಲಿಗೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಹಾನಗಲ್, ಶಿಗ್ಗಾಂವಿ, ಸವಣೂರು ಪುರಸಭೆಗಳು ಹಾಗೂ ಹಿರೇಕೆರೂರು ಪಟ್ಟಣ ಪಂಚಾಯಿತಿಯ ಎಲ್ಲೆಯೊಳಗೆ ಬದುಕಿರುವ ಪ್ರಜೆಯು ಗಟಾರ, ಹಂದಿ, ನಾಯಿ, ಡಿಜೆ ಮೊದಲಾದ ಉಪದ್ರವಗಳ ಮೇಲೆ ಬರೆಯುವ ಅರ್ಜಿ. ಪ್ರಯೋಜನ: ಇನ್ನೂ ಕಂಡುಬಂದಿಲ್ಲ. ಸಂಬಂಧ: ಸಂಬಂಧಪಟ್ಟವರಿಗೆ ಸೂಚಿಸಲಾಗಿದೆ. ಅಧಿಕಾರಿ: ಮೀಟಿಂಗಿಗೆಂದು ಹಾವೇರಿಗೆ ಹೋಗಿದ್ದಾರೆ.

ಮುಂದೆ ಬರುವ ಉದಾಹರಣೆಗಳು ನಾಲ್ಕರಲ್ಲಿ ಯಾವ ಊರಿನವು ಎಂದು ಕೇಳಬಾರದು. ಲಕ್ಷಣ ಇಡೀ ರಾಜ್ಯಕ್ಕೆ ಅನ್ವಯಿಸುವಾಗ ಒಂದೂರಿನ ಹೆಸರು ಹೇಳಿದರೆ ಅವ್ಯಾಪ್ತಿ ದೋಷ ಬರುತ್ತದೆ. ಆ ಊರಿನವರೂ ಬರುತ್ತಾರೆ.

ಪೂರ್ವಾಚಾರ್ಯರಲ್ಲಿ ಮೊದಲಿಗ ಕೌಟಿಲ್ಯ. ಬೀದಿಯಲ್ಲಿ ಕಸ ಚೆಲ್ಲಿದವನಿಗೆ ಪಣದ ಎಂಟನೆಯ ಒಂದು ಪಾಲು ದಂಡ, ಕೆಸರುನೀರು ಕಟ್ಟಿ ನಿಲ್ಲಿಸಿದವನಿಗೆ ಕಾಲು ಪಣ, ರಾಜಮಾರ್ಗವಾದರೆ ಇಮ್ಮಡಿ ಎಂದು ಅರ್ಥಶಾಸ್ತ್ರ ಹೇಳುತ್ತದೆ. ದಂಡದ ಲೆಕ್ಕ ಇಷ್ಟು ಚೊಕ್ಕವಾಗಿ ಕೊಟ್ಟವನು ಅರ್ಜಿಯನ್ನು ಯಾವ ಟೇಬಲ್ಲಿಗೆ ಕೊಡಬೇಕೆಂದು ಮಾತ್ರ ಹೇಳಲಿಲ್ಲ. ಪಾಟಲೀಪುತ್ರ ಸ್ವಚ್ಛವಾಗಿದ್ದಿದ್ದರೆ ಅದಕ್ಕೆ ಇದೇ ಕಾರಣವೆಂದು ನಮ್ಮ ಮತ.

ನಮ್ಮ ನೆಲದ ಪ್ರಮಾಣ ಇನ್ನೂ ಬಲವಾದದ್ದು. ಹಾನಗಲ್ಲು ಪಾನುಂಗಲ್ಲಾಗಿ ಕದಂಬರ ರಾಜಧಾನಿಯಾಗಿದ್ದ ಕಾಲದಲ್ಲಿ ಈ ಸೀಮೆಯಲ್ಲಿ ಹಾಕಿಸುತ್ತಿದ್ದ ದಾನಶಾಸನಗಳ ಕೊನೆಗೆ ಶಾಪಾಶಯವೊಂದು ಇರುತ್ತಿತ್ತು: ದತ್ತಿಯನ್ನು ಕಸಿದವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ. ಅಂದಿನವರಿಗೆ ಇದು ಪರಲೋಕದ ಭಯ. ಇಂದು ಯಾವ ದತ್ತಿಯನ್ನೂ ಕಸಿಯದೆ, ವರ್ಷವರ್ಷ ಮನೆಪಟ್ಟಿ ತುಂಬಿ ರಸೀದಿ ಇಟ್ಟುಕೊಂಡವನಿಗೆ ಆ ವಾಸ ಇದೇ ಜನ್ಮದಲ್ಲಿ, ಅಟ್ಯಾಚ್ ಬಾತ್‌ರೂಮ್ ಸಹಿತ ಒದಗಿದೆ. ಗೋಡೆಯ ಮೇಲೆ ಇದ್ದಿಲಿನಿಂದ ‘ಇಲ್ಲಿ ಮೂತ್ರ ಮಾಡಿದವನು ಕತ್ತೆ’ ಎಂದು ಬರೆಯುವವರು ಶಾಪಾಶಯದ ಪರಂಪರೆಯನ್ನು ಕೈಬಿಡದವರು. ಆದರೆ ಶಾಪದ ಅವಧಿ ಬರೆಯುವುದಿಲ್ಲ. ಅದರಿಂದಲೇ ಫಲ ಕಡಿಮೆ.

ಇನ್ನು ಆಧುನಿಕ ಪ್ರಮಾಣಗಳು. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಬೀದಿ ಗುಡಿಸುವುದನ್ನೂ ಗಟಾರ ಬಳಿಯುವುದನ್ನೂ ಉಪದ್ರವ ನಿವಾರಿಸುವುದನ್ನೂ ಪುರಸಭೆಯ ಕರ್ತವ್ಯಗಳಲ್ಲಿ ಸೇರಿಸಿದೆ. ಇದಕ್ಕೆ ಪೂರ್ವಪಕ್ಷ: ‘ಅನುದಾನ ಇಲ್ರೀ.’ ಈ ಪೂರ್ವಪಕ್ಷವನ್ನು ಸುಪ್ರೀಂ ಕೋರ್ಟು 1980ರಲ್ಲೇ ಖಂಡಿಸಿಬಿಟ್ಟಿದೆ. ಮಧ್ಯಪ್ರದೇಶದ ರತ್ಲಾಮಿನ ನಿವಾಸಿಗಳು ತೆರೆದ ಮೋರಿಯ ನಾತ ತಾಳಲಾರದೆ ಮ್ಯಾಜಿಸ್ಟ್ರೇಟರ ಮುಂದೆ ಹೋದರು, ಪುರಸಭೆ ಹಣವಿಲ್ಲವೆಂದು ದಿಲ್ಲಿಯವರೆಗೂ ಹೋಯಿತು, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದು ನೆಪವಾಗಲಾರದೆಂದರು. ದಿಲ್ಲಿಯವರೆಗೆ ಮೊಕದ್ದಮೆ ನಡೆಸಲು ಹಣ ಎಲ್ಲಿಂದ ಬಂತೆಂಬ ಸೂಕ್ಷ್ಮ ಪ್ರಶ್ನೆಯನ್ನು ಶಿಷ್ಯರಿಗೆ ಬಿಟ್ಟಿದ್ದೇವೆ.

ಈಗ ಸಿದ್ಧಾಂತ. ಕಚೇರಿಯಲ್ಲಿ ಏನಿದೆ ಎಂದು ಹುಡುಕಿದವರೆಲ್ಲ ಸೋತಿದ್ದಾರೆ. ಏನಿಲ್ಲ ಎಂದು ಹುಡುಕಿದವರು ನೈಯಾಯಿಕರು; ಅಭಾವವನ್ನೇ ಒಂದು ಪದಾರ್ಥವೆಂದು ಎಣಿಸಿದವರು. ಅನ್ನಂಭಟ್ಟನ ‘ತರ್ಕಸಂಗ್ರಹ’ದಲ್ಲಿ ಅಭಾವ ನಾಲ್ಕು. ಆದಿಯಿಲ್ಲದೆ ಅಂತ್ಯವಿರುವುದು ಪ್ರಾಗಭಾವ: ಹೊಸ ಪ್ಲಾಟಿನಲ್ಲಿ ಇನ್ನೂ ಆಗದ ಗಟಾರ. ಅಂತ್ಯವುಂಟೆಂಬ ಮಾತನ್ನು ಟೆಂಡರು ಕರೆದ ಮೇಲೆ ಪರಿಶೀಲಿಸತಕ್ಕದ್ದು. ಆದಿಯಿದ್ದು ಅಂತ್ಯವಿಲ್ಲದ್ದು ಪ್ರಧ್ವಂಸಾಭಾವ: ಯುಗಾದಿಯ ಮರುದಿನ ಹೋದ ಕಂಬದ ಬಲ್ಬು. ಮೂರು ಕಾಲದಲ್ಲೂ ಇಲ್ಲದ್ದು ಅತ್ಯಂತಾಭಾವ: ಸಾರ್ವಜನಿಕ ಮೂತ್ರಾಲಯದಲ್ಲಿ ನೀರು. ನಾಲ್ಕನೆಯದಕ್ಕೆ ಹೋಗುವ ಮೊದಲು, ಈ ನಾಲ್ಕರಲ್ಲೂ ಸೇರದ ಒಂದು ಅಭಾವ: 2018ರ ಆಗಸ್ಟಿನಲ್ಲಿ ರಾಜ್ಯದ ನೂರಕ್ಕೂ ಮಿಕ್ಕಿ ಪಟ್ಟಣಗಳಲ್ಲಿ ಮತದಾನವಾಗಿ, ಅಧ್ಯಕ್ಷರ ಮೀಸಲಾತಿ ಕೋರ್ಟಿಗೆ ಹೋಗಿ, ಗೆದ್ದವರಲ್ಲಿ ಬಹಳ ಜನ 2020ರ ಕೊನೆಯವರೆಗೂ ಅಧಿಕಾರವಿಲ್ಲದೆ ಕೂತಿದ್ದರು. ಸದಸ್ಯರುಂಟು, ಸಭೆಯಿಲ್ಲ ಎಂಬ ಈ ಐದನೆಯ ಸ್ಥಿತಿಗೆ ಅನ್ನಂಭಟ್ಟನಲ್ಲಿ ಹೆಸರಿಲ್ಲ. ಹೈಕೋರ್ಟಿನಲ್ಲಿ ಕೇಸ್ ನಂಬರ್ ಇತ್ತು.

ನಾಲ್ಕನೆಯದಾದ ಅನ್ಯೋನ್ಯಾಭಾವವೇ ಈ ಶಾಸ್ತ್ರದ ಜೀವ. ಗಡಿಗೆಯು ಬಟ್ಟೆಯಲ್ಲ, ಬಟ್ಟೆಯು ಗಡಿಗೆಯಲ್ಲ. ಬಸ್‌ಸ್ಟ್ಯಾಂಡಿನ ಮಗ್ಗಲಿನ ಹದಿನೈದು ಅಡಿ ಗಟಾರವನ್ನೇ ನೋಡಿ. ಗಟಾರ ದೊಡ್ಡ ರಸ್ತೆಗೆ ಸೇರಿದ್ದು, ಆದ್ದರಿಂದ ಲೋಕೋಪಯೋಗಿ ಇಲಾಖೆಯದು. ಅದರೊಳಗಿನ ಕಸ ಪುರಸಭೆಯದು. ಮೇಲೆ ಹಾಸಿದ ಕಡಪಾ ಕಲ್ಲು ಅಂಗಡಿಯವನದು. ಎತ್ತಿದರೆ ಅವನು ಬರುತ್ತಾನೆ, ಎತ್ತದಿದ್ದರೆ ನೀರು ಬರುತ್ತದೆ. ಪಕ್ಕದ ಕಂಬದ ತಂತಿ ಹೆಸ್ಕಾಂನದು, ಅದೇ ಕಂಬದ ದೀಪ ಪುರಸಭೆಯದು. ತಂತಿಗೆ ತಾಗುವ ಟೊಂಗೆ ಕಡಿಯಲು ಅರಣ್ಯ ಇಲಾಖೆಯ ಪರವಾನಗಿ ಬೇಕು. ಗಟಾರದಲ್ಲಿ ಮಲಗಿರುವ ಹಂದಿ ಯಾರದೂ ಅಲ್ಲ. ಲಾರಿ ಹಾಯ್ದ ಮರುಕ್ಷಣ ಅದಕ್ಕೆ ಮಾಲೀಕ ಉತ್ಪನ್ನನಾಗುತ್ತಾನೆ, ಅದೂ ಪರಿಹಾರದ ಮೊತ್ತ ಸಮೇತ. ‘ಇದು ನಮಗ ಬರೂದಿಲ್ರೀ, ಅಲ್ಲಿ ಕೊಡ್ರಿ’ ಎಂಬುದೇ ಇಲ್ಲಿಯ ಮಹಾವಾಕ್ಯ. ಇದರಲ್ಲಿ ಸುಳ್ಳಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಪ್ರತಿಯೊಂದು ಇಲಾಖೆಯೂ ಹೇಳುವುದು ನಿಜ. ಎಲ್ಲ ನಿಜಗಳನ್ನೂ ಕೂಡಿಸಿದರೆ ಸೊಳ್ಳೆ ಬರುತ್ತದೆ.

ನಾಯಿಯ ವಿಷಯ ಸ್ವಲ್ಪ ಬೇರೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಂತೆ ಬೀದಿನಾಯಿಯನ್ನು ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಗುರುತಿಗೆ ಕಿವಿ ಕತ್ತರಿಸಿ, ಹಿಡಿದ ಜಾಗದಲ್ಲೇ ಬಿಡಬೇಕು. ಅರ್ಜಿಗೂ ಇದೇ ಸಂಸ್ಕಾರ: ಹಿಡಿಯುತ್ತಾರೆ, ಮೂಲೆಗೆ ಶಿಕ್ಕಾ ಹೊಡೆಯುತ್ತಾರೆ, ಬಂದ ಓಣಿಗೇ ಬಿಡುತ್ತಾರೆ. ಮರಿ ಹಾಕುವ ಶಕ್ತಿಯೊಂದು ಮಾತ್ರ ಅರ್ಜಿಗೆ ಉಳಿದಿರುತ್ತದೆ.

ಅರ್ಜಿದಾರನ ಲಕ್ಷಣವನ್ನು ಹೇಳದಿದ್ದರೆ ಪಕ್ಷಪಾತವಾದೀತು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಕೂಡದು, ವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬೆಲ್ ಮೀರಕೂಡದು ಎಂಬ 2000ದ ನಿಯಮವನ್ನು ಇವನು ಬಾಯಿಪಾಠ ಹೇಳಬಲ್ಲ. ಮಗಳ ಮದುವೆ ಮೆರವಣಿಗೆಯ ದಿನ ಮಾತ್ರ ಮರೆವು. ಕಸದ ಗಾಡಿ ಹಾಡು ಹಚ್ಚಿಕೊಂಡು ಬಾಗಿಲಿಗೆ ಬಂದಾಗ ಇವನು ಸ್ನಾನಕ್ಕೆ ಹೋಗಿರುತ್ತಾನೆ. ಕತ್ತಲಾದ ಮೇಲೆ ಕ್ಯಾರಿಬ್ಯಾಗಿಗೆ ಗಂಟು ಹಾಕಿ ಖಾಲಿ ಪ್ಲಾಟಿನ ಜಾಲಿಕಂಟಿಗೆ ಗುರಿಯಿಟ್ಟು ಎಸೆಯುತ್ತಾನೆ. ಬೆಳಿಗ್ಗೆ ಅದರ ಫೋಟೋ ತೆಗೆದು ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಹಾಕುವವನೂ ಇವನೇ. ಒಂದೇ ವಸ್ತುವಿಗೆ ಒಬ್ಬನೇ ಕರ್ತೃವೂ ಸಾಕ್ಷಿಯೂ ಆಗುವುದು ವೇದಾಂತದಲ್ಲಿ ಬಹಳ ಮೇಲಿನ ಮೆಟ್ಟಿಲು.

ಕೊನೆಯದಾಗಿ ಪರಿಹಾರ ಪ್ರಕರಣ. ಸ್ಥಳ ಪರಿಶೀಲನೆಯಾಗುತ್ತದೆ. ಇಬ್ಬರು ಪೌರಕಾರ್ಮಿಕರು ಬಿಸಿಲೇರುವ ಮೊದಲೇ ಬಂದು, ಮೊಣಕಾಲಿನವರೆಗಿನ ರಾಡಿಯನ್ನು ಸಲಿಕೆಯಿಂದ ಬಳಿದು ಬಳಿದು ಮೇಲೆ ಹಾಕುತ್ತಾರೆ. ಈ ಇಡೀ ಗ್ರಂಥದಲ್ಲಿ ಕೈಯಾರೆ ಕೆಲಸ ಮಾಡಿದವರು ಇವರಿಬ್ಬರೇ. ಆದ್ದರಿಂದ ಇವರ ಬಗ್ಗೆ ಶಾಸ್ತ್ರ ಹೇಳುವುದು ಏನೂ ಇಲ್ಲ. ಬಳಿದದ್ದನ್ನು ಒಯ್ಯುವ ಟ್ರ್ಯಾಕ್ಟರು ‘ಬರ್ತೈತಿ’ ಎಂಬ ಸ್ಥಿತಿಯಲ್ಲಿರುತ್ತದೆ. ಅಷ್ಟರಲ್ಲಿ ಹರಿಯುವ ನೀರಿನ ಫೋಟೋ ತೆಗೆದು ಮೊಬೈಲಿನಲ್ಲಿ ದೂರನ್ನು ಮುಗಿಸಲಾಗುತ್ತದೆ. ದಂಡೆಯ ಮೇಲಿನ ರಾಡಿ ಎರಡು ದಿನ ಒಣಗಿ, ಮೂರನೆಯ ದಿನದ ಮಳೆಗೆ ಇದ್ದಲ್ಲಿಗೇ ಇಳಿಯುತ್ತದೆ. ಅರ್ಜಿದಾರ ಹಳೆಯ ಸ್ವೀಕೃತಿ ಹಿಡಿದು ಮತ್ತೆ ಹೋಗುತ್ತಾನೆ. ಆವಕ ಟೇಬಲ್ಲಿನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಅನ್ಯೋನ್ಯಾಭಾವದ ಆಚಾರ್ಯರಂತೆ ಸಮಾಧಾನದಿಂದ ಹೇಳುತ್ತಾರೆ:

‘ಇದು ಗಟಾರದ್ರೀ, ಕ್ಲೋಸ್ ಆಗೇತಿ. ನೀವೀಗ ಹೇಳೋದು ದಂಡೀ ಮ್ಯಾಲಿನ ಗುಂಪೀದು. ಅದಕ್ಕ ಬ್ಯಾರೆ ಅರ್ಜಿ ಬರೀರಿ.’